ಸಾಮಗ್ರಿಯ ಬಾಕಿ ಮತ್ತು ಗುತ್ತಿಗೆದಾರನ ಪರವಾನಗಿ

ಡಿಚೋಲಿ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಕಟ್ಟಡದ ಕೆಲಸವನ್ನು ನಂಬಿ ಬದುಕುವ ಕನ್ನಡಿಗರ ಮನೆಗಳು ಅನೇಕ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಬೆಳಗಾವಿ ಸೀಮೆಗಳಿಂದ ಬಂದು ಗೌಂಡಿಗಳಾಗಿ, ಸೆಂಟ್ರಿಂಗ್ ಕೆಲಸದವರಾಗಿ, ಟಿಪ್ಪರ್ ಚಾಲಕರಾಗಿ, ಸಣ್ಣ ಗುತ್ತಿಗೆದಾರರಾಗಿ ಇಲ್ಲಿ ನೆಲೆನಿಂತವರು ಇವರು. ಇಂಥ ಮನೆಗಳಲ್ಲಿ ಕೂಲಿ ಬಾಕಿಯ ಮಾತು ಆಗಾಗ ಬರುತ್ತದೆ. ಸಾಮಗ್ರಿ ಬಾಕಿಯ ಮಾತು ಬರುವುದು ಅಪರೂಪ. ಸಿಮೆಂಟು, ಸಳಿ, ಉಸುಕು, ಖಡಿ, ಚಿರೇಕಲ್ಲುಗಳನ್ನು ಉದ್ರಿ ಕೊಟ್ಟವನು ಹೇಗೂ ಹಣವುಳ್ಳವನು, ಅವನು ಸ್ವಲ್ಪ ಕಾಯಬಲ್ಲ ಎಂದು ನಾವು ಭಾವಿಸಿಬಿಡುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ? ಬಾಕಿ ಉಳಿಸಿಕೊಂಡ ಗುತ್ತಿಗೆದಾರನ ನೋಂದಣಿಗೆ ಯಾವ ಧಕ್ಕೆಯೂ ಏಕೆ ಆಗುವುದಿಲ್ಲ? ಆಗಬೇಕಾದರೆ ಯಾವ ನ್ಯಾಯದಿಂದ ಆಗಬೇಕು? ಇವು ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆಗಳು.

ಕಾಡುವುದಕ್ಕೆ ಕಾರಣ ನನ್ನ ಉದ್ಯೋಗ. ನನ್ನ ತಂದೆ ಗೌಂಡಿಯಾಗಿದ್ದರು. ನಾನು ಹನ್ನೆರಡು ವರ್ಷಗಳಿಂದ ಇಲ್ಲಿಯ ಕಟ್ಟಡ ಸಾಮಗ್ರಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಗಲ್ಲೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವಿದ್ದರೂ ಅಂಗಡಿಯ ವ್ಯವಹಾರದ ದೊಡ್ಡ ಪಾಲು ನಡೆಯುವುದು ಉದ್ರಿಯ ಮೇಲೆಯೇ. ಇದು ಯಾರ ದೋಷವೂ ಅಲ್ಲ. ಕಟ್ಟಡದ ಕೆಲಸದ ಸ್ವರೂಪವೇ ಹಾಗಿದೆ. ಪಾಯ ತುಂಬಿ, ಗೋಡೆ ಎದ್ದು, ಅಳತೆ ಪುಸ್ತಕದಲ್ಲಿ ಬರೆದಾದ ಮೇಲೆಯೇ ಗುತ್ತಿಗೆದಾರನಿಗೆ ರನ್ನಿಂಗ್ ಬಿಲ್ಲಿನ ಹಣ ಸಿಗುತ್ತದೆ. ಸಾಮಗ್ರಿ ಮಾತ್ರ ಅದಕ್ಕಿಂತ ಮೊದಲೇ ಬೇಕು. ನಡುವಿನ ಆ ಎರಡು ಮೂರು ತಿಂಗಳ ಭಾರವನ್ನು ಅಂಗಡಿಯವನು ಹೊರುತ್ತಾನೆ. ಅಂಗಡಿಯವನ ಹಿಂದೆ ಟಿಪ್ಪರ್ ಮಾಲೀಕನೂ ಕಲ್ಲಿನ ಗಣಿಯವನೂ ಹೊರುತ್ತಾರೆ.

ನನ್ನ ಉದ್ರಿ ಖಾತೆಯಲ್ಲಿ ಹತ್ತಿರ ಹತ್ತಿರದ ಪುಟಗಳಲ್ಲಿದ್ದ ಎರಡು ಹೆಸರುಗಳನ್ನು ಇಲ್ಲಿ ಪ್ರಸ್ತಾಪಿಸಬೇಕು. ಹೆಸರು ಹೇಳುವುದು ಉಚಿತವಲ್ಲ, ಅಗತ್ಯವೂ ಇಲ್ಲ. ಮೊದಲನೆಯವರು ಸರ್ಕಾರಿ ಕಾಮಗಾರಿಗಳಿಗೆ ನೋಂದಣಿ ಪಡೆದ ಗುತ್ತಿಗೆದಾರರು. ನಮ್ಮ ಮಾಲೀಕರು ಅವರಿಗೆ ಉದ್ರಿ ಕೊಟ್ಟದ್ದೇ ಆ ನೋಂದಣಿಯನ್ನು ನೋಡಿ. ಸರ್ಕಾರವೇ ನಂಬಿ ಕೆಲಸ ಕೊಟ್ಟಿರುವಾಗ ನಾವು ನಂಬದಿರುವುದು ಹೇಗೆ ಎಂಬುದು ಅವರ ತರ್ಕವಾಗಿತ್ತು. ಮೂರು ತಿಂಗಳು ಸಾಮಗ್ರಿ ಹೋಯಿತು. ಆಮೇಲೆ ದೂರವಾಣಿ ಎತ್ತುವುದು ನಿಂತಿತು. ಕೇಳಿದಾಗಲೆಲ್ಲ ‘ಬಿಲ್ಲು ಆಗಿಲ್ಲ’ ಎಂಬ ಒಂದೇ ಉತ್ತರ. ಕೊನೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕೇಳಿದಾಗ, ಆ ಕಾಮಗಾರಿಯ ಅಂತಿಮ ಬಿಲ್ಲು ಪಾವತಿಯಾಗಿ ಆರು ತಿಂಗಳಾಗಿತ್ತೆಂದು ತಿಳಿಯಿತು. ಆ ವೇಳೆಗೆ ಅವರು ಮತ್ತೊಂದು ಕಾಮಗಾರಿಯನ್ನು ಹಿಡಿದಿದ್ದರು, ಸಾಮಗ್ರಿಯನ್ನು ಬೇರೆ ಅಂಗಡಿಯಿಂದ ಉದ್ರಿ ತರುತ್ತಿದ್ದರು.

ಎರಡನೆಯವರು ನಮ್ಮ ಬಾದಾಮಿ ಕಡೆಯ ಮೇಸ್ತ್ರಿ. ದೊಡ್ಡ ಗುತ್ತಿಗೆದಾರರ ಕೈಕೆಳಗೆ ಸಣ್ಣ ಕೆಲಸ ಹಿಡಿಯುವವರು. ಅವರಿಗೂ ಹಣ ಬರಲಿಲ್ಲ. ಆದರೆ ಅವರ ವಿಷಯದಲ್ಲಿ ಅದು ನಿಜವಾಗಿತ್ತು. ಪ್ರತಿ ತಿಂಗಳೂ ಅಂಗಡಿಗೆ ಬರುತ್ತಿದ್ದರು. ಎರಡು ಸಾವಿರವೋ ಮೂರು ಸಾವಿರವೋ ಕೊಟ್ಟು, “ಅಣ್ಣಾರ, ಉಳಿದದ್ದು ಎಷ್ಟದ ಬರೀರಿ, ಸಹಿ ಮಾಡತೀನಿ” ಎಂದು ಹೇಳಿ ಸಹಿ ಹಾಕಿ ಹೋಗುತ್ತಿದ್ದರು. ಖಾತೆಯ ಅಂಕಿಗಳನ್ನಷ್ಟೇ ನೋಡಿದವರಿಗೆ ಇಬ್ಬರೂ ಬಾಕಿದಾರರು. ಆದರೆ ಒಬ್ಬರು ಕೈಗೆ ಬಂದ ಹಣವನ್ನು ದಾಟಿಸದವರು, ಇನ್ನೊಬ್ಬರು ಹಣವೇ ಕೈಗೆ ಬಾರದವರು. ಬಾಕಿಯ ಕುರಿತ ಯಾವುದೇ ಕಾನೂನು ಈ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಅದು ಅನ್ಯಾಯಕ್ಕೆ ದಾರಿಯಾಗುತ್ತದೆ.

ಮೊದಲನೆಯವರ ಬಾಕಿಯ ಪೆಟ್ಟು ನಮ್ಮ ಅಂಗಡಿಗಿಂತ ಹೆಚ್ಚಾಗಿ ಬಿದ್ದದ್ದು ಅದೇ ಕಾಮಗಾರಿಗೆ ಉಸುಕು, ಖಡಿ ಹೊಡೆದ ನಮ್ಮವರೇ ಆದ ಒಬ್ಬ ಟಿಪ್ಪರ್ ಮಾಲೀಕರಿಗೆ. ಸಾಲದ ಕಂತು ತಪ್ಪಿದ್ದರಿಂದ ಫೈನಾನ್ಸಿನವರು ಟಿಪ್ಪರನ್ನು ಎಳೆದುಕೊಂಡು ಹೋದರು. ಅವರು ಈಗ ಇನ್ನೊಬ್ಬರ ಗಾಡಿ ಓಡಿಸುತ್ತಾರೆ. ಅವರ ಮಗಳು ಇಲ್ಲಿಯ ಕನ್ನಡ ಶಾಲೆ ಮುಗಿಸಿ, ಊರಿನ ಪ್ರೌಢಶಾಲೆಗೆ ಸೇರಿ ಹಾಸ್ಟೆಲಿನಲ್ಲಿದ್ದಳು. ಆ ವರ್ಷ ಹಾಸ್ಟೆಲ್ ಬಿಟ್ಟು ಅಜ್ಜಿಯ ಮನೆಯಿಂದ ದಿನಾಲೂ ಬಸ್ಸಿನಲ್ಲಿ ಹೋಗಿ ಓದಿದಳು. ಪುಸ್ತಕ, ಬಟ್ಟೆಗಳಿಗಾಗಿ ತಾಯಿ ಬೆಂಡೋಲೆಯನ್ನು ಅಡವಿಟ್ಟರು. ಸಾಮಗ್ರಿ ಕೊಟ್ಟವನು ಕಾಯಬಲ್ಲ ಎಂಬ ನಮ್ಮ ಭಾವನೆ ಇಂಥ ಮನೆಗಳಿಗೆ ಅನ್ವಯಿಸುವುದಿಲ್ಲ.

ನಮ್ಮ ಮಾಲೀಕರ ಪರವಾಗಿ ನಾನು ಚಲನ್, ಬಿಲ್ಲುಗಳ ಪ್ರತಿಗಳನ್ನು ಹಿಡಿದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋಗಿದ್ದೆ. ಅಧಿಕಾರಿಗಳು ಸೌಜನ್ಯದಿಂದಲೇ ಮಾತನಾಡಿದರು. “ಕೆಲಸ ಸರಿಯಾಗಿದೆಯೇ, ಅಳತೆ ಸರಿಯಾಗಿದೆಯೇ, ಇಷ್ಟನ್ನು ನಾವು ನೋಡುತ್ತೇವೆ. ನಿಮ್ಮಿಬ್ಬರ ನಡುವಿನ ಉದ್ರಿ ನಮಗೆ ಸಂಬಂಧಿಸಿದ್ದಲ್ಲ” ಎಂದರು. ಅವರ ದೃಷ್ಟಿಯಿಂದ ಆ ಮಾತು ಸರಿಯೇ. ಗುತ್ತಿಗೆದಾರನನ್ನು ದರ್ಜೆಯ ಪಟ್ಟಿಗೆ ಸೇರಿಸುವಾಗ ಹಿಂದೆ ಮಾಡಿದ ಕಾಮಗಾರಿಗಳ ಪ್ರಮಾಣಪತ್ರ, ಬ್ಯಾಂಕಿನ ಆರ್ಥಿಕ ಸಾಮರ್ಥ್ಯದ ಪತ್ರ, ತೆರಿಗೆಯ ದಾಖಲೆ ಇಂಥವನ್ನು ಕೇಳುವುದು ವಾಡಿಕೆ. ಆ ಕಾಮಗಾರಿಗಳಿಗೆ ಸಾಮಗ್ರಿ ಕೊಟ್ಟವರಿಗೆ ಹಣ ಸಂದಿದೆಯೇ ಎಂದು ಕೇಳುವ ವಾಡಿಕೆಯಿಲ್ಲ. ಖಾಸಗಿ ಮನೆ ಕಟ್ಟುವವನಿಗಂತೂ ಇಷ್ಟು ಪರೀಕ್ಷೆಯೂ ಇಲ್ಲ. ಮನೆಗೆ ವಿದ್ಯುತ್ ತಂತಿ ಎಳೆಯುವ ಗುತ್ತಿಗೆದಾರನಿಗೆ ಪರವಾನಗಿ ಬೇಕು. ಆ ಮನೆಯನ್ನೇ ಕಟ್ಟುವವನಿಗೆ ಅಂಥದೊಂದು ಬೇಡ.

ಕಾನೂನಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಹಣ ಸಿಗದ ಮಾರಾಟಗಾರನಿಗೆ ಸರಕು ತನ್ನ ವಶದಲ್ಲಿರುವವರೆಗೆ ಅದನ್ನು ತಡೆಹಿಡಿಯುವ ಹಕ್ಕಿದೆ. ಕೊಂಡವನ ವಶಕ್ಕೆ ಹೋದ ಕೂಡಲೇ ಆ ಹಕ್ಕು ಮುಗಿಯುತ್ತದೆ. ಅಂದರೆ ಕೆಲಸದ ಸ್ಥಳದಲ್ಲಿ ಟಿಪ್ಪರಿನ ತೊಟ್ಟಿ ಮೇಲೆದ್ದು ಉಸುಕು ನೆಲಕ್ಕೆ ಬಿದ್ದ ಮೇಲೆ, ಕೊಟ್ಟವನಿಗೆ ಉಸುಕಿನ ಮೇಲೆ ಹಿಡಿತವಿಲ್ಲ. ಉಳಿಯುವುದು ಹಣ ಕೇಳುವ ಹಕ್ಕು ಮಾತ್ರ. ಇತ್ತ ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಲ್ಲಿ, ಸ್ಥಳಕ್ಕೆ ತಂದಿಟ್ಟ ಸಾಮಗ್ರಿಯ ಮೌಲ್ಯದ ಮೇಲೆ ಗುತ್ತಿಗೆದಾರನಿಗೆ ಮುಂಗಡ ಕೊಡುವ ಪದ್ಧತಿಯೂ ಇದೆ. ಆಗ ಆ ಸಾಮಗ್ರಿ ತನ್ನ ಸ್ವಂತದ್ದು, ಅದರ ಮೇಲೆ ಯಾವ ಹೊರೆಯೂ ಇಲ್ಲ ಎಂದು ಅವನು ಬರೆದುಕೊಡುತ್ತಾನೆ. ಉದ್ರಿ ತಂದ ಸರಕನ್ನು ತೋರಿಸಿ ಮುಂಗಡ ಪಡೆಯಲು ಸಾಧ್ಯವಿರುವಾಗ, ಉದ್ರಿ ಕೊಟ್ಟವನ ಹೆಸರು ಕಡತದಲ್ಲಿ ಎಲ್ಲಿಯೂ ಇರಬೇಕಾಗಿಲ್ಲ.

ಕೂಲಿಯ ವಿಷಯದಲ್ಲಿ ನಮ್ಮ ದೇಶ ಹೀಗೆ ಕೈಚೆಲ್ಲಿ ಕುಳಿತಿರಲಿಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ, 20 ಅಥವಾ ಅದಕ್ಕಿಂತ ಹೆಚ್ಚು ಕೂಲಿಕಾರರನ್ನಿಟ್ಟ ಗುತ್ತಿಗೆದಾರನಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಷರತ್ತು ಮುರಿದರೆ ಪರವಾನಗಿಯನ್ನು ಅಮಾನತು ಮಾಡುವ, ರದ್ದುಪಡಿಸುವ, ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಕೊಟ್ಟಿತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕೆಂದೂ ಹೇಳಿತು. ಕೂಲಿಕಾರನ ಬೆವರು ಗೋಡೆಯೊಳಗೆ ಸೇರಿಹೋಗುತ್ತದೆ, ಅದನ್ನು ಮರಳಿ ತೆಗೆಯಲಾಗದು ಎಂಬ ವಿವೇಕ ಆ ನಿಯಮದ ಹಿಂದಿದೆ. ಉಸುಕು, ಸಿಮೆಂಟುಗಳೂ ಹಾಗೆಯೇ ಸೇರಿಹೋಗುತ್ತವೆ ಎಂಬುದನ್ನು ಮಾತ್ರ ನಮ್ಮ ಕಾನೂನು ಅಷ್ಟು ಗಮನಿಸಲಿಲ್ಲ.

ಅನ್ಯ ದೇಶಗಳಲ್ಲಿ ಇದನ್ನು ಗಮನಿಸಿದವರಿದ್ದಾರೆ. ಅಮೆರಿಕದ ಹೊಸ ರಾಜಧಾನಿ ವಾಷಿಂಗ್ಟನ್ ನಗರವನ್ನು ಕಟ್ಟುವ ಕಾಲದಲ್ಲಿ, 1791ರಲ್ಲಿಯೇ, ಮೇರಿಲ್ಯಾಂಡ್ ರಾಜ್ಯ ಒಂದು ಕಾಯಿದೆ ಮಾಡಿತು. ಮಾಡಿದ ಕೆಲಸಕ್ಕೂ ತಾವು ಒದಗಿಸಿದ ಸಾಮಗ್ರಿಗೂ ಹಣ ಸಲ್ಲದಿದ್ದರೆ ಕಟ್ಟಿದವರಿಗೆ ಆ ಕಟ್ಟಡದ ಮೇಲೆಯೇ ಹಕ್ಕು ಸಿಗುವಂತಾಯಿತು. ಮುಂದೆ ಆ ದೇಶದ ಉಳಿದ ರಾಜ್ಯಗಳಿಗೂ ಈ ವಿಚಾರ ಹಬ್ಬಿತು. ಕ್ಯಾಲಿಫೋರ್ನಿಯಾದಲ್ಲಿ ಗುತ್ತಿಗೆದಾರರ ಪರವಾನಗಿಯನ್ನು ನೋಡಿಕೊಳ್ಳಲು 1929ರಿಂದಲೂ ಪ್ರತ್ಯೇಕ ಮಂಡಳಿಯಿದೆ. ಅಲ್ಲಿಯ ಕಾನೂನಿನಲ್ಲಿ ನನ್ನ ಮನಸ್ಸನ್ನು ಸೆಳೆದ ಒಂದು ಕಲಮಿದೆ. ಸಾಮಗ್ರಿಯ ಹಣವನ್ನು ಗುತ್ತಿಗೆದಾರ ಉದ್ದೇಶಪೂರ್ವಕವಾಗಿ ಕೊಡದಿದ್ದರೆ ಅವನ ಪರವಾನಗಿಯ ಮೇಲೆ ಶಿಸ್ತುಕ್ರಮ ಕೈಗೊಳ್ಳಬಹುದು. ಆದರೆ ಕೊಡುವ ಶಕ್ತಿ ಅವನಿಗೆ ಇದ್ದಿರಬೇಕು, ಇಲ್ಲವೇ ಆ ಕೆಲಸಕ್ಕೆ ಸಾಕಷ್ಟು ಹಣ ಅವನ ಕೈಸೇರಿರಬೇಕು. ನನ್ನ ಖಾತೆಯ ಇಬ್ಬರನ್ನು ಬೇರ್ಪಡಿಸುವುದು ಈ ಒಂದು ಷರತ್ತೇ. ಅದರ ಪ್ರಕಾರ ಮೊದಲನೆಯವರು ವಿಚಾರಣೆಗೆ ನಿಲ್ಲಬೇಕಾಗುತ್ತಿತ್ತು, ಮೇಸ್ತ್ರಿಯವರಿಗೆ ಭಯವಿರುತ್ತಿರಲಿಲ್ಲ.

ಈ ಭೇದ ಎಷ್ಟು ಮುಖ್ಯವೆಂಬುದನ್ನು ಡಿಚೋಲಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. 2012ರ ಸೆಪ್ಟೆಂಬರಿನಲ್ಲಿ ಗೋವಾದ ಅದಿರಿನ ಗಣಿಗಾರಿಕೆ ನಿಂತಾಗ, ಮತ್ತೆ 2018ರಲ್ಲಿ ಸುಪ್ರೀಂ ಕೋರ್ಟು 88 ಗಣಿ ಗುತ್ತಿಗೆಗಳನ್ನು ರದ್ದುಪಡಿಸಿದಾಗ, ನಮ್ಮ ತಾಲೂಕಿನ ರಸ್ತೆಬದಿಗಳಲ್ಲಿ ಟ್ರಕ್ಕುಗಳು ಸಾಲಾಗಿ ನಿಂತವು. ಗ್ಯಾರೇಜಿನವನಿಗೆ, ಟಯರಿನ ಅಂಗಡಿಯವನಿಗೆ, ಕಿರಾಣಿಯವನಿಗೆ ಬಾಕಿ ಬೆಳೆಯಿತು. ಆ ಟ್ರಕ್ಕಿನವರು ಮೋಸಗಾರರಾಗಿರಲಿಲ್ಲ. ಅವರ ಆದಾಯವೇ ನಿಂತಿತ್ತು. ಸರ್ಕಾರವೇ ಬಾಕಿದಾರನಾಗುವ ಸಂದರ್ಭಗಳೂ ಇವೆ. ಕರ್ನಾಟಕದಲ್ಲಿ ಗುತ್ತಿಗೆದಾರರ ಸಂಘ ಬಿಲ್ಲು ಬಾಕಿಯ ಬಗ್ಗೆ ಮತ್ತೆ ಮತ್ತೆ ದನಿಯೆತ್ತಿದೆ. 2022ರ ಏಪ್ರಿಲಿನಲ್ಲಿ, ಹಿಂಡಲಗಾ ಗ್ರಾಮದಲ್ಲಿ ಮಾಡಿಸಿದ ಸುಮಾರು 4 ಕೋಟಿ ರೂಪಾಯಿಗಳ ಕಾಮಗಾರಿಗೆ ಹಣ ಬರಲಿಲ್ಲವೆಂದು ದೂರಿದ್ದ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯಲ್ಲಿ ಪ್ರಾಣ ಕಳೆದುಕೊಂಡರು. ಅಂದಿನ ಆರೋಪ ಪ್ರತ್ಯಾರೋಪಗಳ ವಿಚಾರ ಇಲ್ಲಿ ಬೇಡ. ತನಗೇ ಹಣ ಬಾರದ ಗುತ್ತಿಗೆದಾರನ ಪರವಾನಗಿಯನ್ನು ಕಿತ್ತುಕೊಳ್ಳುವುದು ಬಿದ್ದವನನ್ನು ತುಳಿದಂತೆ ಎಂಬುದನ್ನಷ್ಟೇ ನೆನಪಿಡೋಣ.

ಆದ್ದರಿಂದ ನನ್ನ ಅಪೇಕ್ಷೆ ಕಠಿಣ ಶಿಕ್ಷೆಯದಲ್ಲ, ಕ್ರಮಬದ್ಧವಾದ ಒಂದು ಪ್ರಶ್ನೆಯದು. ಅಂತಿಮ ಬಿಲ್ಲು ಪಾವತಿಯಾಗುವ ಮುನ್ನ, ನೋಂದಣಿ ನವೀಕರಣವಾಗುವ ಮುನ್ನ, ‘ಈ ಕೆಲಸಕ್ಕೆ ಸಾಮಗ್ರಿ ಕೊಟ್ಟವರಿಗೆ ಹಣ ಸಂದಿದೆಯೇ?’ ಎಂದು ಇಲಾಖೆ ಕೇಳಲಿ. ಉತ್ತರವನ್ನು ಬರಹದಲ್ಲಿ ಪಡೆಯಲಿ. ಸುಳ್ಳು ಬರೆದುಕೊಟ್ಟವನಿಗೆ, ಹಣ ಪಡೆದೂ ದಾಟಿಸದವನಿಗೆ, ನೋಟಿಸು ಕೊಟ್ಟು ಮಾತು ಕೇಳಿದ ಮೇಲೆ ಕೆಲಕಾಲದ ತಡೆ ಇರಲಿ. ಮಾತು ಕೇಳದೆ ಯಾರನ್ನೂ ಕಪ್ಪುಪಟ್ಟಿಗೆ ಸೇರಿಸಬಾರದೆಂದು ಸುಪ್ರೀಂ ಕೋರ್ಟು 1970ರ ದಶಕದಲ್ಲಿಯೇ ಹೇಳಿದೆ. ಆ ತಡೆ ಶಾಶ್ವತವಾಗಿರಬಾರದು, ತಪ್ಪಿನ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದು 2013ರಲ್ಲಿ ಹೇಳಿದೆ. ಸರ್ಕಾರ ತಾನು ಕೊಡಬೇಕಾದ ಬಿಲ್ಲಿಗೂ ದಿನದ ಮಿತಿಯನ್ನು ಹಾಕಿಕೊಳ್ಳಲಿ. ಇದು ಅಸಾಧ್ಯದ ಮಾತಲ್ಲ. 2016ರ ರೇರಾ ಕಾಯಿದೆ, ಫ್ಲ್ಯಾಟು ಕೊಳ್ಳುವವರಿಂದ ಬಂದ ಹಣದ ಶೇಕಡಾ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಯ ಜಮೀನು ಮತ್ತು ನಿರ್ಮಾಣದ ವೆಚ್ಚಕ್ಕೆ ಮಾತ್ರ ಬಳಸಬೇಕೆಂದು ವಿಧಿಸಿದೆ. ಕಟ್ಟಡಕ್ಕೆಂದು ಬಂದ ಹಣ ಕಟ್ಟಡಕ್ಕೇ ಸಲ್ಲಬೇಕು ಎಂಬ ತತ್ವವನ್ನು ನಮ್ಮ ಕಾನೂನು ಒಂದು ಕಡೆ ಆಗಲೇ ಒಪ್ಪಿಕೊಂಡಿದೆ.

ಅಂಥ ದಿನ ಬರುವವರೆಗೆ ನಮ್ಮ ಕೈಯಲ್ಲಿರುವ ಸಾಧನಗಳನ್ನು ಅರಿತಿರುವುದು ಒಳಿತು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವನು ಕರಾರಿನ ದಿನಕ್ಕೆ ಹಣ ಕೊಡಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಕೇಳಲು ರಾಜ್ಯಗಳಲ್ಲಿ ಸೌಲಭ್ಯ ಮಂಡಳಿಗಳಿರಬೇಕೆಂದೂ, ಅದರ ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇಕಡಾ 75ರಷ್ಟು ಹಣವನ್ನು ಠೇವಣಿಯಿಡಬೇಕೆಂದೂ ಕಾಯಿದೆ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಇಟ್ಟಿಗೆ, ಸಿಮೆಂಟು ಬ್ಲಾಕು ತಯಾರಿಸುವವನಿಗೆ ಈ ರಕ್ಷಣೆ ದೊರೆಯುತ್ತದೆ. ತಂದು ಮಾರುವ ಅಂಗಡಿಯವನಿಗೆ ದೊರೆಯುವುದಿಲ್ಲ. 2021ರ ಜುಲೈಯಲ್ಲಿ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ತೆರೆಯಿತಾದರೂ, ಅದು ಬ್ಯಾಂಕಿನ ಆದ್ಯತಾ ಸಾಲದ ಅನುಕೂಲಕ್ಕೆ ಮಾತ್ರ ಸೀಮಿತವಾಯಿತು. ನಮ್ಮವರಲ್ಲಿ ಬ್ಲಾಕು ಮಾಡುವವರು ಅನೇಕರಿದ್ದಾರೆ. ಅವರು ಸರಕು ಕೊಡುವ ಮೊದಲೇ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ.

ಉಳಿದವರಿಗೆ ಕಾಗದವೇ ಆಸರೆ. ಉದ್ರಿಯ ಅವಧಿಯನ್ನು ಗೊತ್ತುಪಡಿಸದಿದ್ದರೆ ಸರಕು ಕೊಟ್ಟ ದಿನದಿಂದ 3 ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮೊದಲು ಬಾಕಿದಾರ ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ ಮೂರು ವರ್ಷಗಳ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಮೇಸ್ತ್ರಿಯವರು ತಿಂಗಳಿಗೊಮ್ಮೆ ಹಾಕುತ್ತಿದ್ದ ಸಹಿಗೆ ಇಷ್ಟು ಬೆಲೆಯಿದೆ. ಚೆಕ್ಕು ಅಮಾನ್ಯವಾಗಿ ಮರಳಿದರೆ, ಬ್ಯಾಂಕಿನಿಂದ ಆ ಸುದ್ದಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು; ನೋಟಿಸು ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ಪ್ರತಿ ಗಾಡಿಯ ಚಲನ್ ಮೇಲೆ ಸ್ಥಳದಲ್ಲಿ ಇಳಿಸಿಕೊಂಡವನ ಸಹಿ, ದಿನಾಂಕ, ಕಾಮಗಾರಿಯ ಹೆಸರು ಇರಲಿ. ಓದುಬರಹ ಕಡಿಮೆಯಿರುವ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇದನ್ನು ಒಂದು ವಹಿಯಲ್ಲಿ ಬರೆದಿಡಬಹುದು. ಕನ್ನಡದಲ್ಲಿ ಬರೆದ ಲೆಕ್ಕವೂ ಲೆಕ್ಕವೇ.

ಮೇಸ್ತ್ರಿಯವರ ಬಿಲ್ಲು ತಡವಾಗಿಯಾದರೂ ಬಂತು. ಅದೇ ವಾರ ಅವರು ಬಾಕಿ ತೀರಿಸಿ ಖಾತೆಗೆ ಅಡ್ಡಗೆರೆ ಎಳೆಸಿದರು. ಮೊದಲನೆಯವರಿಂದ ವಕೀಲರ ನೋಟಿಸಿನ ನಂತರ ಅರ್ಧದಷ್ಟು ಬಂದಿದೆ, ಉಳಿದದ್ದು ನ್ಯಾಯಾಲಯದಲ್ಲಿದೆ. ಅವರ ನೋಂದಣಿ ಮಾತ್ರ ಈ ನಡುವೆ ನವೀಕರಣಗೊಂಡಿದೆ. ಮೇಸ್ತ್ರಿಯವರಿಗೆ ಯಾವ ದರ್ಜೆಯ ಪತ್ರವೂ ಇಲ್ಲ.

ನಮ್ಮ ಶಾಲೆಗಳಲ್ಲಿ ಈಗ ಓದುತ್ತಿರುವ ಮಕ್ಕಳಲ್ಲಿ ಕೆಲವರು ನಾಳೆ ಎಂಜಿನಿಯರರಾಗುತ್ತಾರೆ, ಕೆಲವರು ಗುತ್ತಿಗೆದಾರರಾಗುತ್ತಾರೆ, ಕೆಲವರು ಕಡತಕ್ಕೆ ಸಹಿ ಹಾಕುವ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ನೋಂದಣಿಯೆಂಬುದು ಇಲಾಖೆ ಮತ್ತು ಗುತ್ತಿಗೆದಾರ ಇಬ್ಬರ ನಡುವಿನ ಪತ್ರ ಮಾತ್ರವಲ್ಲ. ಅದನ್ನು ನೋಡಿ ಅಂಗಡಿಯವನು ಸಿಮೆಂಟು ಕೊಡುತ್ತಾನೆ, ಟಿಪ್ಪರಿನವನು ಸಾಲದ ಗಾಡಿಯಲ್ಲಿ ಉಸುಕು ತಂದು ಸುರಿಯುತ್ತಾನೆ. ಸರ್ಕಾರದ ಮೊಹರನ್ನು ನಂಬಿ ತಮ್ಮ ಸರಕನ್ನು ಕೊಟ್ಟವರ ಹಣ ಸಂದಿದೆಯೇ ಎಂದು ಮೊಹರು ಹಾಕಿದವರು ಒಮ್ಮೆ ಕೇಳಬೇಕು. ಆ ಕುರ್ಚಿಯಲ್ಲಿ ಕುಳಿತ ನಮ್ಮ ಮಕ್ಕಳಾದರೂ ಅದನ್ನು ಕೇಳುವಂತಾಗಲಿ.